ಕೊನೆಯಲ್ಲಿ ಬಯಲಾಗುವ ನಾಲ್ಕು ಸ್ವರಗಳು

1880ರ ಶರತ್ಕಾಲದಲ್ಲಿ ರಷ್ಯದ ಸಂಗೀತಕಾರ ಚೈಕೋವ್‌ಸ್ಕಿ ಉಕ್ರೇನಿನ ಕಾಮೆಂಕಾದಲ್ಲಿ ತನ್ನ ತಂಗಿಯ ಮನೆಯಲ್ಲಿದ್ದ. ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ಅವನು ಅಲ್ಲಿ ಎರಡು ಕೃತಿಗಳನ್ನು ಬರೆಯುತ್ತಿದ್ದ. ಒಂದು, ಫಿರಂಗಿ ಸದ್ದು ಮತ್ತು ಚರ್ಚಿನ ಗಂಟೆಗಳಿಂದ ಲೋಕಪ್ರಸಿದ್ಧವಾದ '1812' ಓವರ್ಚರ್. ಇನ್ನೊಂದು, ಬರೀ ತಂತಿವಾದ್ಯಗಳಿಗೆಂದು ಬರೆದ ಸಿ ಮೇಜರ್ ಸೆರೆನೇಡ್, ಕೃತಿಸಂಖ್ಯೆ 48. ಮೊದಲನೆಯದು ಹೊರಗಿನಿಂದ ಬಂದ ಬೇಡಿಕೆಗೆ ಬರೆದದ್ದು. ಅದರಲ್ಲಿ ಅಬ್ಬರವೇನೋ ಇದೆ, ಆದರೆ ತಾನು ಅದನ್ನು ಪ್ರೀತಿಯಿಂದ ಬರೆದದ್ದಲ್ಲ ಎಂದು ಅವನೇ ತನ್ನ ಆಶ್ರಯದಾತೆ ನಡೆಷ್ದಾ ಫಾನ್ ಮೆಕ್‌ಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡ. ಸೆರೆನೇಡ್ ಮಾತ್ರ ಒಳಗಿನ ಒತ್ತಡದಿಂದ ಹುಟ್ಟಿತು ಎಂದ. ವಿಚಿತ್ರವೆಂದರೆ ಕೇಳುಗರ ಲೆಕ್ಕಾಚಾರ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು. ಸಿಂಫನಿ ಎಂದರೆ ಗಂಭೀರ, ಓವರ್ಚರ್ ಎಂದರೆ ಭವ್ಯ, ಸೆರೆನೇಡ್ ಎಂದರೆ ಸಂಜೆ ಹೊತ್ತಿನ ಹಗುರ ಸಂಗೀತ, ಅಂದವಾದ ನಾಲ್ಕೈದು ತುಣುಕುಗಳ ಮಾಲೆ, ಅಷ್ಟೇ. ಈ ಎಣಿಕೆ ತಪ್ಪು ಎಂಬುದು ಈ ಲೇಖನದ ವಾದ. ಸೆರೆನೇಡ್ ಹಗುರವಾಗಿ ಕೇಳಿಸಬಹುದು. ಆದರೆ ಅದರ ಕಟ್ಟಡ ಸಡಿಲವಲ್ಲ. ಹಿಂದೆ ಸಂದರ್ಭವೊಂದು ಹೊರಗಿನಿಂದ ಅದನ್ನು ಹಿಡಿದಿಟ್ಟಿತ್ತು. ಸಂದರ್ಭ ಕಳಚಿಕೊಂಡ ಮೇಲೆ ಹಿಡಿದಿಡುವ ಕೆಲಸವನ್ನು ಸ್ವರಗಳೇ ವಹಿಸಿಕೊಳ್ಳಬೇಕಾಯಿತು. ಚೈಕೋವ್‌ಸ್ಕಿಯ ಈ ಕೃತಿಯಲ್ಲಿ ಆ ಕೆಲಸ ಹೇಗೆ ನಡೆದಿದೆ ಎಂಬುದನ್ನು ಕಿವಿಯಾರೆ ಗುರುತಿಸಬಹುದು.

ಹಿಂದಿನ ಸಂದರ್ಭ ಎಂಥದು ಎಂಬುದಕ್ಕೆ ಹದಿನೆಂಟನೆಯ ಶತಮಾನದ ಸಾಲ್ಸ್‌ಬರ್ಗ್ ನಗರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ವಿಶ್ವವಿದ್ಯಾಲಯದ ವರ್ಷ ಮುಗಿಯುವಾಗ ವಿದ್ಯಾರ್ಥಿಗಳು ವಾದ್ಯಗಾರರನ್ನು ಕೂಡಿಸಿಕೊಂಡು ಆರ್ಚ್‌ಬಿಷಪ್ಪರ ಬೇಸಿಗೆ ಅರಮನೆಗೆ ನಡೆದುಹೋಗುತ್ತಿದ್ದರು. ಅಲ್ಲಿ ಸಂಗೀತ ನುಡಿಸಿ, ಮತ್ತೆ ಊರೊಳಗೆ ಬಂದು ತಮ್ಮ ಪ್ರಾಧ್ಯಾಪಕರ ಮುಂದೆಯೂ ನುಡಿಸುತ್ತಿದ್ದರು. ನಡೆದು ಬರುವಾಗ ಒಂದು ಮಾರ್ಚ್, ಹೊರಡುವಾಗ ಮತ್ತೆ ಮಾರ್ಚ್. ನಡುವೆ ಐದೋ ಆರೋ ಎಂಟೋ ಭಾಗಗಳು. 1776ರಲ್ಲಿ ಹಾಫ್ನರ್ ಮನೆತನದ ಮದುವೆಗೆಂದು ಮೊಜಾರ್ಟ್ ಬರೆದ 'ಹಾಫ್ನರ್ ಸೆರೆನೇಡ್'ನಲ್ಲಿ ಎಂಟು ಭಾಗಗಳಿವೆ. ಅದರ ಜೊತೆಗೆ ಸೇರುವ ಮಾರ್ಚ್ ಬೇರೆ ಇದೆ. ಆ ಎಂಟರಲ್ಲಿ ಮೂರು ಮಿನುಯೆಟ್ ನೃತ್ಯಗಳು. ಒಟ್ಟು ಮೂರು ಭಾಗಗಳಲ್ಲಿ ಒಂಟಿ ವಯಲಿನ್ ಮುಂದೆ ನಿಂತು ನುಡಿಸುತ್ತದೆ, ಎಂದರೆ ಸೆರೆನೇಡಿನ ಹೊಟ್ಟೆಯೊಳಗೆ ಒಂದು ಪುಟ್ಟ ವಯಲಿನ್ ಕನ್ಚೆರ್ಟೊ ಕೂತಿದೆ. ಸಿಂಫನಿಯ ಅಳತೆಗೋಲಿನಿಂದ ನೋಡಿದರೆ ಇದು ಗೊಂದಲ. ಮದುವೆಮನೆಯ ತೋಟದಲ್ಲಿ ನಿಂತು ನೋಡಿದರೆ ಗೊಂದಲವೇನೂ ಇಲ್ಲ. ಅತಿಥಿಗಳು ಬರುತ್ತಾರೆ, ಮಾತಾಡುತ್ತಾರೆ, ಊಟ ಮಾಡುತ್ತಾರೆ, ಕುಣಿಯುತ್ತಾರೆ, ಹೊರಡುತ್ತಾರೆ. ಆ ಸಂಜೆಗೆ ಆದಿ, ಮಧ್ಯ, ಅಂತ್ಯ ಇದ್ದವು. ಆದ್ದರಿಂದ ಸಂಗೀತಕ್ಕೂ ಇದ್ದವು. ಭಾಗಗಳ ನಡುವೆ ಸ್ವರಬಂಧ ಇರಲೇಬೇಕೆಂದು ಯಾರೂ ಕೇಳಲಿಲ್ಲ. 1787ರಲ್ಲಿ ವಿಯೆನ್ನಾದಲ್ಲಿ ಮೊಜಾರ್ಟ್ ಬರೆದ, ಇಂದು ಎಲ್ಲರ ಕಿವಿಗೂ ಬಿದ್ದಿರುವ 'ಐನೆ ಕ್ಲೈನೆ ನಾಖ್ಟ್‌ಮ್ಯೂಸಿಕ್' ತಂತಿವಾದ್ಯಗಳ ಸೆರೆನೇಡ್‌ಗೆ ಮಾದರಿಯೇ ಆಗಿಬಿಟ್ಟಿದೆ. ಅದರಲ್ಲಿ ಮೊದಲು ಐದು ಭಾಗಗಳಿದ್ದವು, ಒಂದು ಮಿನುಯೆಟ್ ಕಳೆದುಹೋಯಿತು. ಇಡೀ ಒಂದು ಭಾಗವೇ ಇಲ್ಲವಾದರೂ ಉಳಿದ ನಾಲ್ಕು ಕುಂಟದೆ ನಡೆಯುತ್ತವೆ. ಭಾಗಗಳು ಒಂದಕ್ಕೊಂದು ಎಷ್ಟು ಸ್ವತಂತ್ರವಾಗಿದ್ದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಚೈಕೋವ್‌ಸ್ಕಿಯ ಕಾಲಕ್ಕೆ ಆ ತೋಟ, ಆ ಮದುವೆ, ಆ ಮೆರವಣಿಗೆ ಯಾವುದೂ ಉಳಿದಿರಲಿಲ್ಲ. ಟಿಕೆಟ್ ಕೊಂಡ ಜನ ಸಭಾಂಗಣದಲ್ಲಿ ಸಾಲಾಗಿ ಕೂತು, ಮಾತು ನಿಲ್ಲಿಸಿ ಕೇಳುತ್ತಿದ್ದರು. ಹಾಗೆ ಕೇಳುವವರ ಮುಂದೆ ಒಂದಕ್ಕೊಂದು ಸಂಬಂಧವಿಲ್ಲದ ತುಣುಕುಗಳನ್ನು ಸಾಲಾಗಿ ಇಟ್ಟರೆ ಮೂರನೆಯದರ ಹೊತ್ತಿಗೆ ಇದೆಲ್ಲ ಯಾಕೆ ಒಟ್ಟಿಗಿದೆ ಎಂಬ ಪ್ರಶ್ನೆ ಏಳುತ್ತದೆ. ಈ ಕೃತಿ ಹುಟ್ಟಿದ ಬಗೆಯಲ್ಲೇ ಆ ಪ್ರಶ್ನೆಯ ಗುರುತಿದೆ. ಕೈಹಾಕಿದಾಗ ಅದು ಸಿಂಫನಿಯಾಗಬೇಕೋ ತಂತಿವಾದ್ಯಗಳ ಕ್ವಿಂಟೆಟ್ ಆಗಬೇಕೋ ಎಂದು ಅವನಿಗೇ ಗೊತ್ತಿರಲಿಲ್ಲ. ಎರಡರ ನಡುವಿನದೊಂದನ್ನು ಬರೆಯಲು ಹೊರಟು ಸೆರೆನೇಡ್‌ಗೆ ಬಂದು ನಿಂತ. ಹಾಗಾಗಿ ಸಿಂಫನಿಯ ಬಿಗಿತನ ಮತ್ತು ಸೆರೆನೇಡಿನ ಬಿಡುತನ ಎರಡೂ ಇದರಲ್ಲಿ ಮೊದಲಿನಿಂದಲೇ ಒಂದರ ಪಕ್ಕ ಒಂದು ಕೂತಿವೆ. ಇಡೀ ಕೃತಿ ಸುಮಾರು ಅರ್ಧ ಗಂಟೆಯದು. ಮೊದಲ ವಯಲಿನ್, ಎರಡನೆಯ ವಯಲಿನ್, ವಿಯೋಲಾ, ಚೆಲ್ಲೊ, ಡಬಲ್ ಬಾಸ್ ಎಂಬ ಐದು ಗುಂಪುಗಳು. ಭಾಗಗಳು ನಾಲ್ಕು: ಸೊನಟೀನಾ ರೂಪದ ಮೊದಲ ಭಾಗ, ವಾಲ್ಟ್ಸ್, ಎಲಿಜಿ ಎಂಬ ಶೋಕಗೀತೆ, ರಷ್ಯನ್ ಧಾಟಿಗಳ ಮೇಲೆ ಕಟ್ಟಿದ ಕೊನೆಯ ಭಾಗ.

ಕೃತಿ ಶುರುವಾಗುವುದು ನಿಧಾನವಾದ, ತೂಕದ ಪೀಠಿಕೆಯಿಂದ. ಎಲ್ಲ ವಾದ್ಯಗಳೂ ಒಟ್ಟಿಗೆ, ದೊಡ್ಡ ದನಿಯಲ್ಲಿ, ಒಂದೊಂದು ಸ್ವರವನ್ನೂ ಒತ್ತಿ ನುಡಿಸಬೇಕೆಂಬ ಸೂಚನೆ ಹಾಳೆಯ ಮೇಲಿದೆ. ವಾದಕರ ಸಂಖ್ಯೆ ಹೆಚ್ಚಿದಷ್ಟೂ ತನ್ನ ಇಷ್ಟಕ್ಕೆ ಹತ್ತಿರ ಎಂದೂ ಅವನು ಬರೆದಿಟ್ಟಿದ್ದಾನೆ. ಧಾಟಿಯ ಬೆನ್ನೆಲುಬು ಒಂದು ಅವರೋಹಣ. ಸಿ ಮೇಜರ್ ಎಂಬ ಸ್ವರಶ್ರೇಣಿ ನಮ್ಮ ಶಂಕರಾಭರಣದ ಸ್ವರಸ್ಥಾನಗಳೇ ಆದ್ದರಿಂದ ಸಿ ಎಂಬುದನ್ನು ಷಡ್ಜ ಎಂದಿಟ್ಟುಕೊಂಡರೆ, ತಾರ ಷಡ್ಜದಿಂದ ನಿ, ದ, ಪ ಎಂದು ಇಳಿಯುವ ದಾರಿ. ಗಮಕವಿಲ್ಲ, ವಕ್ರಗತಿಯಿಲ್ಲ. ಸಂಗೀತಪಾಠದ ಮೊದಲ ವಾರದಲ್ಲೇ ಕಲಿಯುವ ಸ್ವರಗಳು. ಧಾಟಿ ಹೀಗೆ ಸರಳವಾಗಿ ಇಳಿಯುವಾಗ ಕೆಳಗಿನ ವಾದ್ಯಗಳ ಹಾರ್ಮನಿ ಪ್ರತಿ ಸ್ವರದಡಿಯಲ್ಲಿ ಬೇರೆಬೇರೆ ಸ್ವರಗಳನ್ನು ಜೋಡಿಸಿ ಅದಕ್ಕೆ ಬಣ್ಣ ಬದಲಿಸುತ್ತದೆ. ಇದಾದ ಮೇಲೆ ವೇಗದ ಮುಖ್ಯ ಅಂಶ ಬರುತ್ತದೆ. ತೂಗಾಡುವ ಒಂದು ಧಾಟಿ, ಆಮೇಲೆ ಕಮಾನು ತಂತಿಯ ಮೇಲೆ ಪುಟಿಯುವಂತೆ ನುಡಿಸುವ, ಗುಳುಗುಳು ಓಡುವ ಎರಡನೆಯ ಧಾಟಿ. ಸಿಂಫನಿಗಳ ಮೊದಲ ಭಾಗದಲ್ಲಿ ಈ ಎರಡನ್ನೂ ಮುರಿದು, ತಿರುಚಿ, ಬೇರೆ ಆಧಾರಸ್ವರಗಳಿಗೆ ಒಯ್ದು ಬೆಳೆಸುವ ಒಂದು ಘಟ್ಟ ಇರುತ್ತದೆ. ಇಲ್ಲಿ ಅದು ಇಲ್ಲ. ಎರಡು ಧಾಟಿಗಳು ಮುಗಿಯುತ್ತಲೇ ಹೆಚ್ಚುಕಡಿಮೆ ನೇರವಾಗಿ ಮೊದಲನೆಯದಕ್ಕೆ ಮರಳುತ್ತೇವೆ. ಸೊನಟೀನಾ ಎಂಬ ರೂಪದ ಗುಣವೇ ಅದು. ಈ ಭಾಗ ಮೊಜಾರ್ಟ್‌ಗೆ ತಾನು ಸಲ್ಲಿಸಿದ ಕಾಣಿಕೆ, ಅವನ ಶೈಲಿಯ ಅನುಕರಣೆ ಎಂದು ಚೈಕೋವ್‌ಸ್ಕಿ ಬರೆದಿದ್ದಾನೆ. ಅನುಕರಣೆ ಧಾಟಿಗಳಲ್ಲಿ ಎಷ್ಟಿದೆ ಎಂಬುದು ಚರ್ಚೆಯ ಮಾತು, ನನಗಂತೂ ಅವು ಅಪ್ಪಟ ರಷ್ಯನ್ನನ ಧಾಟಿಗಳಾಗಿಯೇ ಕೇಳಿಸುತ್ತವೆ. ಆದರೆ ಆಕಾರದಲ್ಲಿ ಅನುಕರಣೆ ನಿಜ. ಈ ಭಾಗದ ಕೊನೆಗೆ ಆ ತೂಕದ ಪೀಠಿಕೆ ಮತ್ತೆ ಬಂದು ಬಾಗಿಲು ಹಾಕುತ್ತದೆ. ಸಾಲ್ಸ್‌ಬರ್ಗಿನಲ್ಲಿ ವಾದ್ಯಗಾರರು ಬರುವಾಗಲೂ ಹೋಗುವಾಗಲೂ ನುಡಿಸುತ್ತಿದ್ದ ಮಾರ್ಚ್‌ನ ಜಾಗದಲ್ಲಿ ಈಗ ಈ ಅವರೋಹಣ ನಿಂತಿದೆ.

ಎರಡನೆಯ ಭಾಗದಲ್ಲಿ ಮಿನುಯೆಟ್ ಇರಬೇಕಾದಲ್ಲಿ ವಾಲ್ಟ್ಸ್ ಇದೆ. ಮೊಜಾರ್ಟನ ಕಾಲದ ಔತಣಕೂಟದಲ್ಲಿ ಮಿನುಯೆಟ್ ಯಾವುದೋ, ಚೈಕೋವ್‌ಸ್ಕಿಯ ಕಾಲದಲ್ಲಿ ವಾಲ್ಟ್ಸ್ ಅದು. 1881ರ ಅಕ್ಟೋಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಎಡ್ವರ್ಡ್ ನಪ್ರಾವ್ನಿಕ್ ನಿರ್ದೇಶನದಲ್ಲಿ ಕೃತಿ ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಬಂದಾಗ ಜನ ಮತ್ತೊಮ್ಮೆ ಕೇಳಬೇಕೆಂದದ್ದು ಇದನ್ನೇ. ಸೊಗಸಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ವಾದಕ್ಕೆ ಬೇಕಾದದ್ದು ಅದರ ದಿಕ್ಕು. ಮೊದಲ ಭಾಗದ ಪೀಠಿಕೆ ಮೆಟ್ಟಿಲಿಳಿದರೆ ವಾಲ್ಟ್ಸ್‌ನ ಧಾಟಿ ಮೆಟ್ಟಿಲು ಹತ್ತುತ್ತದೆ. ಮೂರನೆಯ ಭಾಗವಾದ ಎಲಿಜಿಯೂ ನಿಧಾನವಾಗಿ, ಮೆಲುದನಿಯಲ್ಲಿ ಸ್ವರದ ಮೇಲೆ ಸ್ವರವಿಟ್ಟು ಏರುತ್ತದೆ. ಬಳಿಕ ಅದೇ ಎಲಿಜಿಯಲ್ಲಿ ವಯಲಿನ್‌ಗಳು ಉದ್ದನೆಯ ಹಾಡೊಂದನ್ನು ಎತ್ತಿಕೊಳ್ಳುವಾಗ ಕೆಳಗಿನ ವಾದ್ಯಗಳು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತವೆ. ಕಿಟಕಿಯಡಿಯಲ್ಲಿ ಗಿಟಾರ್ ಮೀಟುತ್ತ ಪ್ರಿಯತಮೆಗಾಗಿ ಹಾಡುವ ಹಳೆಯ ಯುರೋಪಿನ ರಾತ್ರಿಹಾಡು ಈ ಪ್ರಕಾರದ ಮೂಲ. ಆ ಮೂಲದ ನೆನಪು ಇಡೀ ಕೃತಿಯಲ್ಲಿ ಅತ್ಯಂತ ನಿಚ್ಚಳವಾಗಿ ಕೇಳುವುದು ಇಲ್ಲಿ, ಅದರ ಅತಿ ದುಃಖದ ಭಾಗದಲ್ಲಿ.

ದಿಕ್ಕಿನ ಜೊತೆಗೆ ಆಧಾರಸ್ವರಗಳ ಯೋಜನೆಯನ್ನೂ ನೋಡಬೇಕು. ಕರ್ನಾಟಕ ಸಂಗೀತದ ಕಚೇರಿಯಲ್ಲಿ ತಂಬೂರಿ ಒಂದೇ ಷಡ್ಜವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದಿರುತ್ತದೆ. ರಾಗಗಳು ಬದಲಾಗುತ್ತವೆ, ಷಡ್ಜ ಬದಲಾಗುವುದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ, ಆ ಬದಲಾವಣೆಯೇ ಕಥೆ ನಡೆಸುತ್ತದೆ. ಚೈಕೋವ್‌ಸ್ಕಿ ಮೊದಲ ಭಾಗವನ್ನು ಸಿ ಮೇಜರ್‌ನಲ್ಲಿ ಇಟ್ಟಿದ್ದಾನೆ. ವಾಲ್ಟ್ಸ್ ಇರುವುದು ಜಿ ಮೇಜರ್‌ನಲ್ಲಿ, ಎಂದರೆ ಮೊದಲಿನ ಪಂಚಮವೇ ಹೊಸ ಷಡ್ಜ. ಎಲಿಜಿ ಡಿ ಮೇಜರ್‌ನಲ್ಲಿ, ಅದು ಆ ಪಂಚಮದ ಪಂಚಮ. ಹೀಗೆ ಎರಡು ಹೆಜ್ಜೆ ಮನೆಯಿಂದ ದೂರ ಹೋದದ್ದಾಯಿತು. ಕೊನೆಯ ಭಾಗದ ನಿಧಾನಗತಿಯ ಪೀಠಿಕೆ ಒಂದು ಹೆಜ್ಜೆ ಹಿಂದೆ ಸರಿದು ಜಿಯಲ್ಲಿ ನಿಲ್ಲುತ್ತದೆ. ವೇಗ ಹಿಡಿಯುವಾಗ ಸಿ ಮೇಜರ್ ಸೇರುತ್ತದೆ. ಹೋದ ದಾರಿಯಲ್ಲೇ ಮರಳುವ ಪಯಣ. ಎಲಿಜಿ ಮುಗಿಯುವಾಗ ವಾದಕರು ವಾದ್ಯದ ಕುದುರೆಗೆ ಮ್ಯೂಟ್ ಸಿಕ್ಕಿಸಿ ದನಿ ಮಂಕಾಗಿಸಿರುತ್ತಾರೆ. ಕೊನೆಯ ಭಾಗದ ಪೀಠಿಕೆಯೂ ಅದೇ ಮಂಕು ದನಿಯಲ್ಲಿ ಶುರುವಾಗುತ್ತದೆ. ಎರಡು ಭಾಗಗಳ ನಡುವೆ ವಿರಾಮವಿದ್ದರೂ ಬಿರುಕು ಕಾಣುವುದಿಲ್ಲ. ಬರೀ ತುಣುಕುಗಳ ಮಾಲೆ ಕಟ್ಟುವವನಿಗೆ ಇಷ್ಟು ಜತನ ಬೇಕಿರಲಿಲ್ಲ.

ಕೊನೆಯ ಭಾಗದ ಎರಡು ಧಾಟಿಗಳು ರಷ್ಯನ್ ಜನಪದ ಹಾಡುಗಳು. ಮಂಕು ದನಿಯ ಪೀಠಿಕೆಯಲ್ಲಿ ಒಂದು, ಬಳಿಕ ಸಿ ಮೇಜರ್‌ನಲ್ಲಿ ಜಿಗಿಯುವ ವೇಗದ ಧಾಟಿಯಲ್ಲಿ 'ಹಸಿರು ಸೇಬಿನ ಮರದಡಿ' ಎಂಬ ಇನ್ನೊಂದು. ಈ ವೇಗದ ಧಾಟಿ ತಾರ ಷಡ್ಜದಿಂದ ಚಟಪಟನೆ ಕೆಳಗಿಳಿಯುತ್ತದೆ, ಮತ್ತೆ ಮೇಲಕ್ಕೆ ಹಾರಿ ಮತ್ತೆ ಇಳಿಯುತ್ತದೆ. ಚೆಲ್ಲೊಗಳು ಹಾಡುವ ಅಗಲವಾದ ಎರಡನೆಯ ಧಾಟಿಯೊಂದು ಎದುರಾಗುತ್ತದೆ. ಮೊದಲ ಭಾಗದಲ್ಲಿ ಕೈಬಿಟ್ಟಿದ್ದ, ಧಾಟಿಗಳನ್ನು ಮುರಿದು ಬೆಳೆಸುವ ಆ ಘಟ್ಟ ಕೊನೆಗೂ ಇಲ್ಲಿ ಬರುತ್ತದೆ. ಎಲ್ಲವೂ ಮುಗಿಯುವ ಹುರುಪಿನಲ್ಲಿರುವಾಗ ಓಟ ತಟ್ಟನೆ ತಡೆದು ನಿಲ್ಲುತ್ತದೆ. ಕೃತಿಯ ಆರಂಭದಲ್ಲಿ ಕೇಳಿದ್ದ ಆ ತೂಕದ ಪೀಠಿಕೆ ಪೂರ್ತಿ ಗಾಂಭೀರ್ಯದಿಂದ ಮರಳುತ್ತದೆ. ಇಳಿಯುವ ಸ್ವರಗಳು ಮತ್ತೆ ಒಂದೊಂದಾಗಿ, ಒತ್ತಿ. ಆಮೇಲೆ ಅವು ಸ್ವಲ್ಪ ಸ್ವಲ್ಪವಾಗಿ ವೇಗ ಪಡೆಯುತ್ತವೆ. ಒಂದು ಹಂತದಲ್ಲಿ ನಮಗೆ ಅರಿವಾಗುತ್ತದೆ: ಈಗ ಕೇಳುತ್ತಿರುವುದು ಪೀಠಿಕೆಯಲ್ಲ, ಕುಣಿಯುವ ಜನಪದ ಹಾಡು. ಸ್ವರಗಳು ಬದಲಾಗಿಲ್ಲ, ಕಾಲ ಮಾತ್ರ ಬದಲಾಗಿದೆ. ವಿಳಂಬದಲ್ಲಿ ಸ, ನಿ, ದ, ಪ ಎಂದರೆ ಅರಮನೆಯ ಗಾಂಭೀರ್ಯ, ದ್ರುತದಲ್ಲಿ ಅದೇ ಸ್ವರಗಳು ಹಳ್ಳಿಯ ಕುಣಿತ.

ಇದಕ್ಕೆ ಏಳುವ ಮೊದಲ ಆಕ್ಷೇಪಣೆ ಬಲವಾದದ್ದೇ. ನಾಲ್ಕು ಸ್ವರಗಳ ಇಳಿಕೆ ಎಲ್ಲಿಲ್ಲ? ಸಂಗೀತದಲ್ಲಿ ಹುಡುಕಿದರೆ ಪ್ರತಿ ಪುಟದಲ್ಲೂ ಸಿಗುತ್ತದೆ. ಹಾಗಿರುವಾಗ ಎರಡು ಧಾಟಿಗಳಲ್ಲಿ ಅದು ಸಿಕ್ಕಿತೆಂದು ರಕ್ತಸಂಬಂಧ ಕಲ್ಪಿಸುವುದು ವಿಮರ್ಶಕರ ಹಳೆಯ ಚಾಳಿ ಎನ್ನಬಹುದು. ಬೇರೆ ಅನೇಕ ಕೃತಿಗಳ ಮಟ್ಟಿಗೆ ಈ ಟೀಕೆಯನ್ನು ನಾನು ಒಪ್ಪುತ್ತೇನೆ. ಕಣ್ಣಿಗೆ ಹಾಳೆಯ ಮೇಲೆ ಮಾತ್ರ ಕಂಡು ಕಿವಿಗೆ ಎಂದೂ ಬೀಳದ ಹೋಲಿಕೆಗಳ ಮೇಲೆ ಕಟ್ಟಿದ ವಿಶ್ಲೇಷಣೆಗಳು ಬೇಕಾದಷ್ಟಿವೆ. ಈ ಕೃತಿಯ ಮಟ್ಟಿಗೆ ಅದು ನಿಲ್ಲುವುದಿಲ್ಲ. ಯಾಕೆಂದರೆ ಇಲ್ಲಿ ಸಂಬಂಧ ಹುಡುಕಿದ್ದು ವಿಮರ್ಶಕನಲ್ಲ, ಒಂದು ಇನ್ನೊಂದಾಗುವುದನ್ನು ಸಂಗೀತಕಾರನೇ ನಮ್ಮ ಕಿವಿಯೆದುರು ಮಾಡಿ ತೋರಿಸಿದ್ದಾನೆ. ಇನ್ನೊಂದು ಸಾಕ್ಷಿ ಅವನ ಹಳೆಯ ಕೆಲಸದಲ್ಲಿದೆ. 1868–69ರಲ್ಲಿ ಅವನು 50 ರಷ್ಯನ್ ಜನಪದ ಹಾಡುಗಳನ್ನು ಇಬ್ಬರು ಕೂಡಿ ನುಡಿಸುವ ಪಿಯಾನೊಗೆ ಅಳವಡಿಸಿದ್ದ. ಸೇಬಿನ ಮರದ ಹಾಡು ಆ ಸಂಗ್ರಹದಲ್ಲಿದೆ. ಅಂದರೆ ಸೆರೆನೇಡ್ ಬರೆಯುವ ಒಂದು ದಶಕಕ್ಕೂ ಮೊದಲೇ ಆ ಧಾಟಿ ಅವನ ಕೈಯಲ್ಲಿತ್ತು. ಕೇಳುವ ನಮಗೆ ಪೀಠಿಕೆ ಮೊದಲು, ಜನಪದ ಹಾಡು ಅದರಿಂದ ಹುಟ್ಟಿದ್ದು. ಕಾಲಾನುಕ್ರಮದಲ್ಲಿ ಹಾಡೇ ಹಿರಿದು. ಪೀಠಿಕೆಯನ್ನು ಆ ಹಾಡಿನ ಸ್ವರಗಳಿಂದಲೇ ಎರಕ ಹೊಯ್ದಿರುವ ಸಾಧ್ಯತೆ ದಟ್ಟವಾಗಿದೆ. ಮೊಜಾರ್ಟನ ಕಾಲದ ಗತ್ತಿನಲ್ಲಿ ನಡೆದುಬಂದ ಅವರೋಹಣದೊಳಗೆ ರಷ್ಯದ ಹಳ್ಳಿಯ ಹಾಡು ಮೊದಲಿನಿಂದಲೂ ಅಡಗಿತ್ತು ಎಂಬುದು ನನಗೆ ಈ ಕೃತಿಯ ಅತ್ಯಂತ ಪ್ರೀತಿಯ ಸಂಗತಿ.

ಎರಡನೆಯ ಆಕ್ಷೇಪಣೆಗೆ ದನಿ ಕೊಟ್ಟವನು ಸ್ವತಃ ಚೈಕೋವ್‌ಸ್ಕಿ. ತನ್ನ ರಚನೆಗಳಲ್ಲಿ ಹೊಲಿಗೆ ಎದ್ದುಕಾಣುತ್ತದೆ, ಅಂಗಾಂಗಗಳು ಸಹಜವಾಗಿ ಬೆಸೆದುಕೊಳ್ಳುವುದಿಲ್ಲ ಎಂದು ಅವನು ಪತ್ರಗಳಲ್ಲಿ ಕೊರಗಿದ್ದುಂಟು. ಅವನನ್ನು ಇಷ್ಟಪಡದವರು ಇದನ್ನು ಸಂತೋಷದಿಂದ ಎತ್ತಿಕೊಂಡರು: ಧಾಟಿಗೆ ಅವನು ಗಟ್ಟಿ, ಕಟ್ಟಡಕ್ಕೆ ಅಲ್ಲ. ಮೊದಲ ಭಾಗದಲ್ಲಿ ಬೆಳೆಸುವ ಘಟ್ಟವೇ ಇಲ್ಲದಿರುವುದು ಆ ದೌರ್ಬಲ್ಯದಿಂದ ತಪ್ಪಿಸಿಕೊಳ್ಳುವ ಉಪಾಯವಲ್ಲವೇ ಎಂದು ಕೇಳಬಹುದು. ಕೊನೆಯ ಭಾಗ ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರ ಕಷ್ಟವಾಗುತ್ತಿತ್ತು. ಅಲ್ಲಿ ಆ ಘಟ್ಟ ಇದೆ, ಅದೂ ಎರಡು ಧಾಟಿಗಳನ್ನು ಒಂದರ ಮೇಲೊಂದು ಹೆಣೆಯುವ ಕಸುಬುದಾರಿಕೆಯಿಂದ ಇದೆ. ಹಾಗಾದರೆ ಮೊದಲ ಭಾಗದಲ್ಲಿ ಅದನ್ನು ಬಿಟ್ಟದ್ದು ಆಯ್ಕೆ. ಸಾಮಾನ್ಯ ಸಿಂಫನಿಯಲ್ಲಿ ಭಾರ ಮೊದಲ ಭಾಗದ ಮೇಲೆ ಬೀಳುತ್ತದೆ. ಇಲ್ಲಿ ಅದು ಕೊನೆಗೆ ಸರಿದಿದೆ. ಪೀಠಿಕೆಯ ಗುಟ್ಟು ಬಯಲಾಗಬೇಕಾದ ಜಾಗಕ್ಕೆ ಭಾರವೂ ಬರಬೇಕಲ್ಲ. ಬಳಸಿದ ಸಾಮಗ್ರಿ ಕಡಿಮೆ ಎನ್ನುವವರು ಇನ್ನೊಂದು ಸಂಗತಿ ಗಮನಿಸಬೇಕು. ಕೊಂಬು, ಕೊಳಲು, ನಗಾರಿ ಯಾವುದೂ ಇಲ್ಲದ ಮೇಳದಲ್ಲಿ ಬಣ್ಣ ಬದಲಿಸಿ ಗಮನ ಹಿಡಿಯುವ ಸೌಕರ್ಯ ತೀರ ಕಡಿಮೆ. ಫಿರಂಗಿಗಳಿರುವ '1812'ರಲ್ಲಿ ಹೊಲಿಗೆ ಮುಚ್ಚುವುದು ಸುಲಭ, ಐದು ಗುಂಪಿನ ತಂತಿಮೇಳದಲ್ಲಿ ಅಲ್ಲ. ಶಿಷ್ಯನನ್ನು ಸುಲಭವಾಗಿ ಮೆಚ್ಚದಿದ್ದ ಗುರು ಆಂಟನ್ ರುಬಿನ್‌ಸ್ಟೈನ್ ಕೂಡ ಈ ಕೃತಿಯನ್ನು ಚೈಕೋವ್‌ಸ್ಕಿಯ ಅತ್ಯುತ್ತಮ ರಚನೆ ಎಂದು ಎಣಿಸಿದನಂತೆ.

ಮೂರನೆಯ ಆಕ್ಷೇಪಣೆ ಸಂಗೀತಶಾಲೆಯಿಂದಲ್ಲ, ರಂಗಮಂದಿರದಿಂದ ಬರುತ್ತದೆ. ಅಮೆರಿಕಕ್ಕೆ ಹೋಗಿ ನೆಲೆಸಿದ ಜಾರ್ಜ್ ಬ್ಯಾಲಂಚೀನ್ 1934ರಲ್ಲಿ ಈ ಸಂಗೀತಕ್ಕೆ 'ಸೆರೆನೇಡ್' ಎಂಬ ಬ್ಯಾಲೆ ಕಟ್ಟಿದ. ಮೊದಲಿಗೆ ಕೊನೆಯ ಭಾಗವನ್ನು ಬಿಟ್ಟೇಬಿಟ್ಟಿದ್ದ. ಮುಂದೆ ಸೇರಿಸಿಕೊಂಡಾಗಲೂ ಅದನ್ನು ಎಲಿಜಿಗೆ ಮೊದಲು ಇಟ್ಟ, ಎಲಿಜಿಯಿಂದ ಮುಗಿಸಿದ. ಇಪ್ಪತ್ತನೆಯ ಶತಮಾನದ ಶ್ರೇಷ್ಠ ಬ್ಯಾಲೆಗಳಲ್ಲಿ ಅದು ಒಂದು. ಭಾಗಗಳ ಅನುಕ್ರಮ ಬದಲಿಸಿದರೂ ಇಷ್ಟು ದೊಡ್ಡ ಕೃತಿ ನಿಲ್ಲುತ್ತದೆ ಎಂದಾದರೆ ನಾನು ಹೇಳುವ ಬಿಗಿ ಕಟ್ಟಡ ಎಲ್ಲಿ ಹೋಯಿತು? ಬ್ಯಾಲೆಯ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ನಡೆದದ್ದು ಏನೆಂದು ನೋಡಬೇಕು. ನರ್ತಕಿಯರ ಚಲನೆ, ರಂಗದ ಬೆಳಕು, ಕೊನೆಯಲ್ಲಿ ಒಬ್ಬ ನರ್ತಕಿಯನ್ನು ಎತ್ತಿ ಒಯ್ಯುವ ದೃಶ್ಯ, ಇವೆಲ್ಲ ಸೇರಿ ಸಂಗೀತಕ್ಕೆ ಹೊರಗಿನಿಂದ ಒಂದು ಆದಿ, ಮಧ್ಯ, ಅಂತ್ಯ ಕೊಟ್ಟವು. ಸಾಲ್ಸ್‌ಬರ್ಗಿನ ಮದುವೆ ಸಂಜೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನೃತ್ಯ ಮಾಡಿತು. ಹೊರಗಿನ ಆಧಾರ ಮರಳಿ ಬಂದಾಗ ಒಳಗಿನ ಅನುಕ್ರಮವನ್ನು ಸಡಿಲಿಸಬಹುದು. ಕಣ್ಣು ಮುಚ್ಚಿ ಬರೀ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ: ಬ್ಯಾಲೆಯ ಅನುಕ್ರಮದಲ್ಲಿ ಸಂಗೀತ ಸಿ ಮೇಜರ್‌ಗೆ ಮರಳಿದ ಮೇಲೂ ನಿಲ್ಲದೆ ಡಿ ಮೇಜರ್‌ನಲ್ಲಿ, ಮನೆಯಿಂದ ದೂರದಲ್ಲಿ ಮುಗಿಯುತ್ತದೆ. ಬ್ಯಾಲಂಚೀನ್‌ಗೆ ಬೇಕಾಗಿದ್ದದ್ದೂ ಆ ದೂರವೇ. ಕಟ್ಟಡವೇ ಇಲ್ಲದಿದ್ದರೆ ಹಾಗೆ ತಿರುಗಿಸಿಟ್ಟಾಗ ಅಷ್ಟು ನೋವು ಹುಟ್ಟುತ್ತಿರಲಿಲ್ಲ.

ಸುತ್ತಲಿನ ಬೇರೆ ಸೆರೆನೇಡ್‌ಗಳೂ ಇದೇ ಮಾತು ಹೇಳುತ್ತವೆ. ಐದು ವರ್ಷ ಮೊದಲೇ, 1875ರಲ್ಲಿ, ಪ್ರಾಗ್ ನಗರದಲ್ಲಿ ದ್ವೋರ್ಜಾಕ್ ತಂತಿವಾದ್ಯಗಳಿಗೆ ಐದು ಭಾಗಗಳ ಸೆರೆನೇಡ್ ಬರೆದಿದ್ದ. ಅದರಲ್ಲೂ ಎರಡನೆಯ ಭಾಗ ವಾಲ್ಟ್ಸ್, ಅದರಲ್ಲೂ ಕೊನೆಯ ಭಾಗ ಮುಗಿಯುವ ಮುನ್ನ ಆರಂಭದ ಧಾಟಿ ಮರಳುತ್ತದೆ. 1892ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಲ್ಗರ್ ಮೂರೇ ಭಾಗಗಳ ಪುಟ್ಟ ಸೆರೆನೇಡ್ ಮುಗಿಸಿದ. ಅದರ ಮೂರನೆಯ ಭಾಗವೂ ಮೊದಲನೆಯದನ್ನು ಕರೆತರುತ್ತದೆ. ಮೂರು ದೇಶ, ಮೂರು ಸ್ವಭಾವ. ಮೊಜಾರ್ಟನಿಗೆ ಬೇಡವಾಗಿದ್ದ ಈ ಹೊರಳುವಿಕೆ ಮೂವರಿಗೂ ಬೇಕಾಯಿತು, ಏಕೆಂದರೆ ಮೂವರೂ ಬರೆದದ್ದು ಸಭಾಂಗಣಕ್ಕೆ. ಆದರೂ ಮೂವರದೂ ಒಂದೇ ಬಗೆಯ ಹೊರಳುವಿಕೆಯಲ್ಲ. ದ್ವೋರ್ಜಾಕ್‌ನಲ್ಲಿ ಆರಂಭ ಮರಳಿ ಬರುವುದು ಹಳೆಯ ಪರಿಚಯದವರ ಭೇಟಿ, ಎಲ್ಗರ್‌ನಲ್ಲಿ ಒಂದು ನೆನಪು ಮೆಲ್ಲಗೆ ಸುಳಿದು ಹೋಗುತ್ತದೆ. ಇಬ್ಬರಲ್ಲೂ ಆ ಧಾಟಿ ಹಿಂದೆ ಏನಾಗಿತ್ತೋ ಅದೇ ಆಗಿ ಮರಳುತ್ತದೆ. ಚೈಕೋವ್‌ಸ್ಕಿಯಲ್ಲಿ ಮಾತ್ರ ಮರಳಿ ಬಂದದ್ದು ಹಾಗೇ ಉಳಿಯದೆ ಬೇರೊಂದಾಗುತ್ತದೆ. ಅದಕ್ಕೇ ಈ ಸೆರೆನೇಡನ್ನು ಎರಡನೆಯ ಬಾರಿ ಕೇಳುವವನಿಗೆ ಮೊದಲ ಕೆಲವು ನಿಮಿಷಗಳು ಹಿಂದಿನಂತೆ ಕೇಳಿಸುವುದಿಲ್ಲ. ಆ ಗಂಭೀರ ಇಳಿಕೆಯಲ್ಲೇ ಹಾಡಿನ ಹೆಜ್ಜೆ ಅವನಿಗೆ ಸಿಗತೊಡಗುತ್ತದೆ.